ಹಳೆ ಗಿರಣಿಯ ಬೀಡಿನ ಚಕ್ರವನ್ನು ಅಂಗಳದ ಮೇಜಾಗಿಸುವ ಕ್ರಮ

ಮುಚ್ಚಿಹೋದ ಅಕ್ಕಿ ಗಿರಣಿ, ಮರದ ಮಿಲ್ಲುಗಳ ಬೀಡಿನ (ಎರಕದ ಕಬ್ಬಿಣದ) ದೊಡ್ಡ ಚಕ್ರವನ್ನು ಗುಜರಿಯಿಂದ ಕೊಂಡು ತಂದು ಅಂಗಳದಲ್ಲಿ ಮೇಜು ಮಾಡಿಕೊಂಡವರು ಕಾರವಾರ, ಕುಮಟಾ ಕಡೆಯಲ್ಲೂ ಇದ್ದಾರೆ, ಘಟ್ಟದ ಮೇಲೆ ಶಿರಸಿ, ಸಿದ್ದಾಪುರದಲ್ಲೂ ಇದ್ದಾರೆ. ನಾನು ನೋಡಿದ ಅಂಥ ಮೇಜುಗಳಲ್ಲಿ ಮೂರನೆಯ ಮಳೆಗಾಲವನ್ನು ನೆಟ್ಟಗೆ ದಾಟಿದವು ಕಡಿಮೆ. ಒಂದು ವಾಲಿದೆ, ಇನ್ನೊಂದರ ತೋಳು ಸೀಳಿದೆ, ಮತ್ತೊಂದರ ಬಣ್ಣ ಕೆಳಗಿನ ತುಕ್ಕಿನಿಂದ ಉಬ್ಬಿ ಹಪ್ಪಳದಂತೆ ಏಳುತ್ತಿದೆ.

ನನ್ನ ಮೊದಲ ಚಕ್ರವೂ ಹಾಗೆಯೇ ಹಾಳಾಯಿತು. ಒಂದು ವರ್ಕ್‌ಶಾಪಿನಲ್ಲಿ ಅದರ ಕೆಳಗೆ ನಾಲ್ಕು ಕಬ್ಬಿಣದ ಕಾಲುಗಳನ್ನು ವೆಲ್ಡಿಂಗ್ ಮಾಡಿಸಿದ್ದೆ. ಆಷಾಢದ ಒಂದು ರಾತ್ರಿ ಅಂಗಳದಿಂದ ಟಣ್ ಎಂಬ ಸದ್ದು ಬಂತು. ಬೆಳಿಗ್ಗೆ ನೋಡಿದರೆ ವೆಲ್ಡಿಂಗ್ ಗೆರೆಯ ಪಕ್ಕದಲ್ಲೇ ಬ್ಲೇಡ್ ತೂರುವಷ್ಟು ಬಿರುಕು. ಅದನ್ನು ತೂಕಕ್ಕೆ ಮಾರಿ, ಎರಡನೆಯದನ್ನು ಕ್ರಮ ಬದಲಿಸಿ ಮಾಡಿದೆ. ಚಕ್ರ ತಂದು ಅಂಗಳದಲ್ಲಿ ಹಾಕಿ ಆಮೇಲೆ ಯೋಚಿಸುವುದೇ ಎಲ್ಲರೂ ಮಾಡುವ ತಪ್ಪು. ಜಾಗ, ಅಡಿಪಾಯ, ಲೆಕ್ಕ ಮೊದಲು. ಚಕ್ರ ಮನೆಗೆ ಬರುವುದು ಆಮೇಲೆ. ಕೆಳಗಿನ ಹಂತಗಳನ್ನು ಹಿಂದುಮುಂದು ಮಾಡಬೇಡಿ.

ಹಂತ 1: ಯಾವ ಭಾಗ ಯಾವುದಕ್ಕೆ ಎಂದು ನಿರ್ಧರಿಸಿ

ಆಯಿಲ್ ಇಂಜಿನ್ನಿನ ಫ್ಲೈವೀಲ್ (ಇಂಜಿನ್ನಿನ ಓಟ ಸಮನಾಗಿಡುವ ಭಾರದ ಚಕ್ರ) ಮೇಜಿಗೆ ಹೇಳಿ ಮಾಡಿಸಿದಂತಿರುತ್ತದೆ. ಹೊರಸುತ್ತಿಗೆ ಅಗಲ ರಿಮ್, ನಡುವೆ ಅಚ್ಚು ತೂರುವ ಹಬ್, ಎರಡನ್ನೂ ಸೇರಿಸುವ ಐದಾರು ತೋಳುಗಳು. ಚಪ್ಪಟೆ ಬೆಲ್ಟ್ ಓಡುತ್ತಿದ್ದ ಪುಲ್ಲಿ ಅದಕ್ಕಿಂತ ಹಗುರ. ಕೂರುವ ಕಟ್ಟೆಯ ನಡುವೆ ಹೂಕುಂಡ ಇಡಲು ಚೆನ್ನ. ಹಲ್ಲಿನ ಚಕ್ರವನ್ನು ಜನ ಓಡಾಡುವ ಜಾಗದಲ್ಲಿ ಇಡಲೇಬಾರದು, ಸೀರೆಯ ಸೆರಗೂ ಮಕ್ಕಳ ಮೊಣಕಾಲೂ ಅದಕ್ಕೆ ಸಿಕ್ಕುತ್ತವೆ. ಆಲೆಮನೆಯ ಹಳೆ ಗಾಣದ ಕಬ್ಬಿಣದ ಉರುಳೆ ಸಿಕ್ಕರೆ ಮೂರನೇ ಒಂದು ಭಾಗವನ್ನು ಕಾಂಕ್ರೀಟಿನಲ್ಲಿ ಹೂತು ಗೇಟಿನ ಪಕ್ಕದ ಕಂಬವಾಗಿಸಬಹುದು.

ಚಕ್ರವನ್ನು ನೆಟ್ಟಗೆ ನಿಲ್ಲಿಸಿ ಮಲ್ಲಿಗೆ ಬಳ್ಳಿ ಹಬ್ಬಿಸುವ ಆಸೆ ಹಲವರಿಗಿದೆ. ಕಾಂಕ್ರೀಟಿನಲ್ಲಿ ಹೂತ ಎರಡು ಕಂಬಗಳ ನಡುವೆ, ಹಬ್‌ನಲ್ಲಿ ಅಚ್ಚು ತೂರಿಸಿ ಹಿಡಿಸಿದರೆ ಮಾತ್ರ ಸರಿ. ಗೋಡೆಗೋ ತೆಂಗಿನ ಮರಕ್ಕೋ ಒರಗಿಸಿಟ್ಟ ಚಕ್ರ ಒಂದು ದಿನ ಉರುಳುತ್ತದೆ, ಉರುಳುವಾಗ ಅದನ್ನು ಯಾರೂ ತಡೆಯಲಾರರು.

ಕೆಲವನ್ನು ಮುಟ್ಟಲೇಬೇಡಿ: ಬಾಯಿ ಮುಚ್ಚಿದ ಟ್ಯಾಂಕು ಮತ್ತು ಡ್ರಮ್ಮುಗಳು (ಒಳಗಿನ ಆವಿ ಗ್ರೈಂಡರಿನ ಕಿಡಿಗೆ ಸಿಡಿಯುತ್ತದೆ), ಎಣ್ಣೆ ಉಳಿದ ಹಳೆ ಟ್ರಾನ್ಸ್‌ಫಾರ್ಮರ್, ಬಿಳಿ ನಾರಿನ ಹೊದಿಕೆ ಸುತ್ತಿದ ಬಾಯ್ಲರಿನ ಭಾಗಗಳು. ಆ ನಾರು ಕಲ್ನಾರು (ಆಸ್ಬೆಸ್ಟಾಸ್) ಆಗಿರುವ ಸಾಧ್ಯತೆ ಹೆಚ್ಚು.

ಇಲ್ಲಿಂದ ಮುಂದೆ ಹೇಳುವುದೆಲ್ಲ ಸುಮಾರು 120 ಸೆಂ.ಮೀ. ವ್ಯಾಸದ, ಆರು ತೋಳಿನ ಫ್ಲೈವೀಲಿನ ಲೆಕ್ಕ.

ಕಾಲದ ಲೆಕ್ಕವನ್ನೂ ಈಗಲೇ ಹಾಕಿಕೊಳ್ಳಿ. ನವೆಂಬರ್‌ನಲ್ಲಿ ಅಡಿಪಾಯ, ಜನವರಿಯಲ್ಲಿ ಸಾಗಣೆ, ಫೆಬ್ರವರಿಯಲ್ಲಿ ಬಣ್ಣ, ಏಪ್ರಿಲ್ ಮುಗಿಯುವುದರೊಳಗೆ ಎಲ್ಲವೂ ಪೂರ್ತಿ. ಘಟ್ಟದ ಮೇಲಿನವರು ಅಡಿಕೆ ಕೊಯ್ಲಿನ ದಿನಗಳಲ್ಲಿ ಆಳು ಸಿಗುವುದಿಲ್ಲ ಎಂಬುದನ್ನು ನೆನಪಿಡಬೇಕು. ಶಿರಸಿಯಲ್ಲಿ ಮಾರಿಕಾಂಬಾ ಜಾತ್ರೆಯ ವರ್ಷವಾದರೆ ಬಾಡಿಗೆ ವಾಹನಗಳನ್ನು ಮೊದಲೇ ಹೇಳಿಟ್ಟುಕೊಳ್ಳಿ.

ಹಂತ 2: ಗುಜರಿಯಲ್ಲೇ ಪರೀಕ್ಷೆ ಮಾಡಿ

ಬೇಕಾದವು: ಸಣ್ಣ ಸುತ್ತಿಗೆ, ಅರ, ಟೇಪು, ತಂತಿ ಬ್ರಷ್, ಸ್ವಲ್ಪ ಡೀಸೆಲ್, ಸೀಮೆಸುಣ್ಣದ ಪುಡಿ.

ಹಳೆಯ ಫ್ಲೈವೀಲುಗಳು ಹೆಚ್ಚಾಗಿ ಬೀಡು, ಅಂದರೆ ಎರಕದ ಕಬ್ಬಿಣ. ಮೂಲೆಯಲ್ಲಿ ಅರ ಉಜ್ಜಿ ನೋಡಿ: ಬೀಡಾದರೆ ಕಪ್ಪು ಪುಡಿ ಬೆರಳಿಗೆ ಪೆನ್ಸಿಲ್ಲಿನ ಮಸಿಯಂತೆ ಅಂಟುತ್ತದೆ, ಉಕ್ಕಾದರೆ ಹೊಳೆಯುವ ಚೂರು ಬೀಳುತ್ತದೆ. ಡ್ರಿಲ್ ಮಾಡಿದರೆ ಬೀಡು ಪುಡಿಯಾಗಿ ಉದುರುತ್ತದೆ, ಉಕ್ಕು ಸುರುಳಿಯಾಗಿ ಬರುತ್ತದೆ. ಈ ವ್ಯತ್ಯಾಸ ಯಾಕೆ ಮುಖ್ಯವೆಂದರೆ, ಬೀಡು ಒತ್ತಡವನ್ನು ತಡೆದುಕೊಳ್ಳುವುದರ ಮೂರನೇ ಒಂದು ಭಾಗದಷ್ಟು ಎಳೆತವನ್ನೂ ಕಷ್ಟಪಟ್ಟೇ ತಡೆಯುತ್ತದೆ. ಅದು ಬಾಗುವುದಿಲ್ಲ, ಒಡೆಯುತ್ತದೆ. ಸಾಮಾನ್ಯ ರಾಡಿನಲ್ಲಿ ವೆಲ್ಡಿಂಗ್ ಮಾಡಿದಾಗ ಸುತ್ತಲಿನ ಲೋಹ ಗಾಜಿನಂತೆ ಪೆಡಸಾಗಿ, ತಣಿಯುವಾಗ ಬಿರಿಯುತ್ತದೆ. ನಿಕ್ಕಲ್ ರಾಡು ಬಳಸಿ, ಮೊದಲೇ ಕಾಯಿಸಿ, ಆಮೇಲೆ ಬೂದಿಯಲ್ಲೋ ಸುಣ್ಣದಲ್ಲೋ ಮುಚ್ಚಿ ನಿಧಾನವಾಗಿ ತಣಿಸುವ ವಿಧಾನ ಇದೆ. ಅದು ನುರಿತವರ ಕೆಲಸ. ಈ ಮೇಜಿಗೆ ವೆಲ್ಡಿಂಗ್ ಬೇಡವೇ ಬೇಡ.

ಬಿರುಕನ್ನು ಹುಡುಕುವುದು ಹೀಗೆ. ತೋಳುಗಳು ರಿಮ್‌ಗೆ ಮತ್ತು ಹಬ್‌ಗೆ ಸೇರುವ ಮೂಲೆಗಳನ್ನು ತಂತಿ ಬ್ರಷ್ಷಿನಿಂದ ಉಜ್ಜಿ. ಡೀಸೆಲ್ ಸವರಿ ಹತ್ತು ನಿಮಿಷ ಬಿಡಿ, ಬಟ್ಟೆಯಿಂದ ಪೂರ್ತಿ ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಉದುರಿಸಿ. ಬಿರುಕಿದ್ದರೆ ಒಳಗೆ ಇಳಿದಿದ್ದ ಡೀಸೆಲ್ ಮೇಲೇರಿ, ಬಿಳಿ ಪುಡಿಯ ಮೇಲೆ ಕೂದಲಿನಷ್ಟು ತೆಳ್ಳನೆಯ ಒದ್ದೆ ಗೆರೆ ನಿಧಾನವಾಗಿ ಮೂಡುತ್ತದೆ. ಅಂಥ ಗೆರೆ ಕಂಡ ಚಕ್ರವನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬಿಟ್ಟುಬಿಡಿ. ಕೊಳ್ಳುವುದಾದರೆ ಬಿಲ್ಲು ಕೇಳಿ ಪಡೆಯಿರಿ.

ಹಂತ 3: ತೂಕ ಮತ್ತು ಹಬ್‌ನ ಚಾಚು

ಅಂದಾಜಿಗೆ ನಂಬಿಕೊಂಡು ಯಾವ ಕೆಲಸವನ್ನೂ ಶುರು ಮಾಡಬೇಡಿ. ರಿಮ್‌ನ ಹೊರ ವ್ಯಾಸ 120, ಒಳ ವ್ಯಾಸ 100 ಸೆಂ.ಮೀ. ಆದರೆ ಸರಾಸರಿ 110. ಇದನ್ನು 3.14ರಿಂದ ಗುಣಿಸಿ, ಬಂದದ್ದನ್ನು ರಿಮ್‌ನ ದಪ್ಪ 10 ಮತ್ತು ಅಗಲ 12ರಿಂದ ಗುಣಿಸಿ. ಸುಮಾರು 41,450 ಘನ ಸೆಂ.ಮೀ. ಬರುತ್ತದೆ. ಬೀಡು ಘನ ಸೆಂ.ಮೀ.ಗೆ 7.2 ಗ್ರಾಂ ತೂಗುವುದರಿಂದ ರಿಮ್ ಒಂದೇ ಸುಮಾರು 298 ಕಿಲೋ. ತೋಳು, ಹಬ್ ಸೇರಿಸಿದರೆ 370 ಕಿಲೋದ ಆಸುಪಾಸು. ಖರೀದಿಸಿದ ಮೇಲೆ ವೇಬ್ರಿಜ್ ಚೀಟಿಯಲ್ಲಿ ಇದನ್ನು ತಾಳೆ ನೋಡಿ.

ಮರೆಯಬಾರದ ಇನ್ನೊಂದು ಅಳತೆ ಇದೆ. ಹಬ್ ಸಾಮಾನ್ಯವಾಗಿ ರಿಮ್‌ಗಿಂತ ಕೆಲವು ಸೆಂ.ಮೀ. ಹೊರಗೆ ಚಾಚಿರುತ್ತದೆ. ರಿಮ್‌ನ ಮೇಲೆ ನೇರ ಹಲಗೆಯಿಟ್ಟು ಆ ಚಾಚನ್ನು ಎರಡೂ ಕಡೆ ಅಳೆದು ಬರೆದಿಡಿ. ಇದನ್ನು ಮರೆತು ಸಮತಟ್ಟಾದ ಕಟ್ಟೆಯ ಮೇಲೆ ಚಕ್ರ ಮಲಗಿಸಿದರೆ ಹಬ್ ಮಾತ್ರ ನೆಲೆ ಕಂಡು ರಿಮ್ ಗಾಳಿಯಲ್ಲಿ ನಿಲ್ಲುತ್ತದೆ. ವಾಲಿದ ಮೇಜುಗಳಲ್ಲಿ ಹೆಚ್ಚಿನವುಗಳ ಕಥೆ ಇದೇ. ಹಬ್‌ನ ತೂತಿನ ಒಳ ವ್ಯಾಸವೂ ಬೇಕು, ಮುಂದಿನ ಹಂತಕ್ಕೆ.

ಹಂತ 4: ಮೂರು ಕಂಬ, ನಡುವೆ ಒಂದು ಪೈಪು

ನಾಲ್ಕು ಕಾಲಿನ ಮೇಲೆ ಇಷ್ಟು ಭಾರದ ವಸ್ತು ಎಂದೂ ಸಮನಾಗಿ ಕೂರುವುದಿಲ್ಲ. ಮೂರರ ಮೇಲೆ ಕೂರುತ್ತದೆ, ನಾಲ್ಕನೆಯದು ನೆಪಕ್ಕೆ ಇರುತ್ತದೆ. ಹಾಗಾಗಿ ಮೂರೇ ಕಂಬ ಸಾಕು. ಆರು ತೋಳುಗಳಲ್ಲಿ ಒಂದು ಬಿಟ್ಟು ಒಂದರ ತುದಿಯ ಕೆಳಗೆ, ರಿಮ್‌ಗೆ ಆಸರೆಯಾಗಿ ಒಂದೊಂದು ಚಿರೆಕಲ್ಲಿನ ಕಂಬ. ಎರಡು ಕಂಬಗಳ ನಡುವೆ ಒಬ್ಬರಂತೆ ಮೂವರು ಆರಾಮವಾಗಿ ಕೂರಬಹುದು.

ಶಿರಸಿಯ ಗಟ್ಟಿ ಕೆಮ್ಮಣ್ಣಿನಲ್ಲಿ ಪ್ರತಿ ಕಂಬಕ್ಕೆ 45 ಸೆಂ.ಮೀ. ಚೌಕದ, 60 ಸೆಂ.ಮೀ. ಆಳದ ಗುಂಡಿ ಸಾಕು, ನಡುವಿನ ಪೈಪಿಗೆ ಇನ್ನೊಂದು. ಕಡಲತೀರದ ಮರಳಿನಲ್ಲಿ ಬಿಡಿ ಗುಂಡಿಗಳು ಬೇರೆ ಬೇರೆಯಾಗಿ ಕುಸಿಯುತ್ತವೆ. ಅಲ್ಲಿ 160 ಸೆಂ.ಮೀ. ವ್ಯಾಸದ, 15 ಸೆಂ.ಮೀ. ದಪ್ಪದ ಒಂದೇ ಕಾಂಕ್ರೀಟ್ ಹಾಸನ್ನು ಕಬ್ಬಿಣದ ಸರಳಿನ ಜಾಲರಿ ಹಾಕಿ ಮಾಡಿಸಿ, ಅದರ ಮೇಲೆ ಕಂಬ ಎಬ್ಬಿಸಿ. ಉಪ್ಪು ಮರಳಿನಲ್ಲಿ ಕಾಂಕ್ರೀಟ್ ಕಲಸಲು ಬಿಡಬೇಡಿ.

ನಡುವೆ 50 ಮಿ.ಮೀ. ಜಿ.ಐ. ಪೈಪನ್ನು ನೆಟ್ಟಗೆ ಹೂತುಬಿಡಿ. ಅದರ ಹೊರ ವ್ಯಾಸ ಸುಮಾರು 60 ಮಿ.ಮೀ. ಹಬ್‌ನ ತೂತು 75 ಮಿ.ಮೀ. ಇದ್ದರೆ ಸುತ್ತ 7 ಮಿ.ಮೀ. ಜಾಗ ಉಳಿಯುತ್ತದೆ. ಪೈಪು ಚಕ್ರವನ್ನು ಜಾರಲು ಬಿಡುವುದಿಲ್ಲ, ಉಳಿದ ಸಂದಿನಲ್ಲಿ ಮಳೆನೀರು ಇಳಿದುಹೋಗುತ್ತದೆ, ಪೈಪಿನೊಳಗೆ ದೊಡ್ಡ ಕೊಡೆಯ ಕಂಬ ನಿಲ್ಲಿಸಬಹುದು. ಒಂದು ಬೊಟ್ಟು ವೆಲ್ಡಿಂಗ್ ಇಲ್ಲದೆ ಇಷ್ಟೂ ಕೆಲಸ ಆಗುತ್ತದೆ. ನನಗೆ ಈ ಮೇಜಿನಲ್ಲಿ ಎಲ್ಲಕ್ಕಿಂತ ಇಷ್ಟವಾದ ಭಾಗವೇ ಇದು.

ಎತ್ತರದಲ್ಲಿ ಹಲವರು ಎಡವುತ್ತಾರೆ. ಮೇಲ್ಭಾಗವನ್ನು 75 ಸೆಂ.ಮೀ.ಗೆ ನಿಲ್ಲಿಸಬೇಕೆಂದು ಕಂಬವನ್ನು ತಗ್ಗಿಸಿದರೆ, 12 ಸೆಂ.ಮೀ. ರಿಮ್ ಕೆಳಗೆ ಮೊಣಕಾಲು ತಾಗುತ್ತದೆ. ಕಂಬ 62 ಸೆಂ.ಮೀ. ಇರಲಿ. ರಿಮ್, ಅದರಡಿಯ ರಬ್ಬರ್, ಮೇಲ್ಹಾಸು ಸೇರಿ ಮೇಜು 78ಕ್ಕೆ ಬಂದು ನಿಲ್ಲುತ್ತದೆ, ಕುರ್ಚಿಯನ್ನು ಸ್ವಲ್ಪ ಎತ್ತರದ್ದು ಹುಡುಕಿದರಾಯಿತು. ಮೂರೂ ಕಂಬಗಳ ತಲೆಯ ಮಟ್ಟವನ್ನು ನೀರು ತುಂಬಿದ ಪಾರದರ್ಶಕ ಪೈಪಿನಿಂದ ನೋಡಿ. ಮೇಸ್ತ್ರಿಯ ಕಣ್ಣಂದಾಜು ಸಾಲದು. ಕಾಂಕ್ರೀಟಿಗೆ ಕನಿಷ್ಠ ಏಳು ದಿನ ನೀರುಣಿಸಿ, ಮೂರು ವಾರ ಭಾರ ಹೊರಿಸಬೇಡಿ.

ಹಂತ 5: ಸಾಗಣೆ

ಇಡೀ ಕೆಲಸದಲ್ಲಿ ಕೈಕಾಲು ಕಳೆದುಕೊಳ್ಳುವ ಹಂತ ಇದು. ಚಕ್ರವನ್ನು ಉರುಳಿಸಿಕೊಂಡು ಹೋಗುವುದು ಸುಲಭವೆಂದು ಕಾಣುತ್ತದೆ, ಅದು ದುಂಡಗಿದೆಯಲ್ಲ. ಒಮ್ಮೆ ವಾಲಿತೆಂದರೆ 370 ಕಿಲೋವನ್ನು ಆರು ಜನ ಸೇರಿದರೂ ಹಿಡಿಯಲಾಗದು. ಪ್ರತಿಯೊಬ್ಬರಿಗೂ ಅಲ್ಲಿಂದ ಓಡುವ ಬದಲು ಹಿಡಿಯಬೇಕು ಎನಿಸುವುದೇ ಅಪಾಯ. ಮೊದಲೇ ಎಲ್ಲರಿಗೂ ಹೇಳಿಡಿ: ಬೀಳುತ್ತಿದ್ದರೆ ಬಿಟ್ಟು ಹಿಂದೆ ಸರಿಯಿರಿ.

ಪಿಕಪ್ ವಾಹನದಲ್ಲಿ ಚಕ್ರವನ್ನು ಅಡ್ಡ ಮಲಗಿಸಿ, ಕೆಳಗೆ ಹಳೆ ಟೈರುಗಳನ್ನಿಡಿ, ನಾಲ್ಕೂ ಕಡೆಗೆ ಕಟ್ಟಿ, ಹಿಂದೆಮುಂದೆ ಮರದ ದಿಮ್ಮಿ ಕೊಡಿ. ಕುಮಟಾದಿಂದ ಶಿರಸಿಗೆ ದೇವಿಮನೆ ಘಟ್ಟ ಹತ್ತುವಾಗಲೂ ಯಲ್ಲಾಪುರದಿಂದ ಅಂಕೋಲೆಗೆ ಅರಬೈಲ್ ಘಟ್ಟ ಇಳಿಯುವಾಗಲೂ ತಿರುವಿನಲ್ಲಿ ಭಾರ ಪಕ್ಕಕ್ಕೆ ಜಾರುತ್ತದೆ. ಘಟ್ಟಕ್ಕೆ ಮುಂಚೆ ಒಮ್ಮೆ, ನಡುವೆ ಒಮ್ಮೆ ಗಾಡಿ ನಿಲ್ಲಿಸಿ ಹಗ್ಗ ಬಿಗಿ ಮಾಡಿ.

ಇಳಿಸಲು ಹೈಡ್ರಾ ಕ್ರೇನ್ ಬರುವ ದಾರಿಯಿದ್ದರೆ ಅದನ್ನೇ ಕರೆಸಿ. ಎತ್ತುವ ಬೆಲ್ಟುಗಳು ಚಕ್ರದ ಮೇಲೆ ಕಡಿದಾಗಿ ನಿಲ್ಲಬೇಕು, ನೆಲಕ್ಕೆ 60 ಡಿಗ್ರಿಗಿಂತ ಕಡಿಮೆಯಾಗಬಾರದು. ಎರಡು ಬೆಲ್ಟುಗಳು ಚಪ್ಪಟೆಯಾಗುತ್ತ 30 ಡಿಗ್ರಿಗೆ ಬಂದರೆ ಒಂದೊಂದರ ಮೇಲೂ ಚಕ್ರದ ಪೂರ್ತಿ ತೂಕದಷ್ಟೇ ಎಳೆತ ಬೀಳುತ್ತದೆ. ಬೆಲ್ಟ್ ತುಂಡಾಗುವುದು ಹಾಗೆ. ರಿಮ್‌ನ ಚೂಪು ಅಂಚಿಗೆ ಬೆಲ್ಟ್ ತಾಗುವಲ್ಲಿ ಟೈರಿನ ತುಂಡು ಕೊಡಿ.

ಓಣಿ ಇಕ್ಕಟ್ಟಾಗಿದ್ದರೆ ಹಲಗೆಯ ಮೇಲೆ ಪೈಪಿನ ತುಂಡುಗಳನ್ನಿಟ್ಟು, ಹಾರೆಯಿಂದ ಮೀಟುತ್ತ ಮಲಗಿಸಿಯೇ ಸಾಗಿಸಿ. ಎತ್ತುವಾಗ ಮೂರು ದಪ್ಪ ಪೈಪುಗಳ ಮುಕ್ಕಾಲಿ ಮತ್ತು ಒಂದು ಟನ್ ಎತ್ತುವ ಚೈನ್ ಬ್ಲಾಕ್ (ಸರಪಳಿ ರಾಟೆ) ಬಳಸಿ. ಮನೆಯ ಜಂತಿಗೋ ಅಡಿಕೆ ಮರಕ್ಕೋ ಚೈನ್ ಬ್ಲಾಕ್ ಕಟ್ಟಬೇಡಿ. ಮೊದಲು ಒಂದು ಗೇಣು ಎತ್ತಿ, ಐದು ನಿಮಿಷ ಹಾಗೇ ಬಿಟ್ಟು, ಮುಕ್ಕಾಲಿಯ ಕಾಲು ಮಣ್ಣಿನಲ್ಲಿ ಇಳಿಯುತ್ತಿದೆಯೇ ನೋಡಿ, ಆಮೇಲೆ ಮುಂದುವರಿಯಿರಿ.

ನೇರವಾಗಿ ಕಂಬದ ಮೇಲೆ ಕೂರಿಸಬೇಡಿ. ಪಕ್ಕದಲ್ಲಿ ಮೊಣಕಾಲೆತ್ತರದ ಮೂರು ಮರದ ದಿಮ್ಮಿಗಳ ಮೇಲೆ ಇಳಿಸಿ, ಮೇಲೆ ಟಾರ್ಪಾಲಿನ ಚಪ್ಪರ ಹಾಕಿ. ಬಣ್ಣದ ಕೆಲಸ ಅಲ್ಲೇ ಮುಗಿಯಬೇಕು. ಕೂರಿಸಿದ ಮೇಲೆ ಅಡಿಭಾಗಕ್ಕೆ ಬ್ರಷ್ ಹೋಗುವುದಿಲ್ಲ, ತುಕ್ಕು ಹೋಗುತ್ತದೆ.

ಹಂತ 6: ಹಳೆ ಬಣ್ಣ, ತುಕ್ಕು, ಉಪ್ಪು

ಹಳೆ ಯಂತ್ರಗಳ ಕೆಳಪದರದ ಕೇಸರಿ ಬಣ್ಣದಲ್ಲಿ ಸೀಸ ಇರುವ ಸಂಭವ ಹೆಚ್ಚು. ಒಣಗಿದ್ದಾಗ ಗ್ರೈಂಡರ್ ಹಚ್ಚಿ ಧೂಳೆಬ್ಬಿಸಬೇಡಿ, ಬೆಂಕಿಯಲ್ಲಿ ಸುಡಬೇಡಿ. ಪೇಂಟ್ ರಿಮೂವರ್ ಹಚ್ಚಿ ಮೆತ್ತಗಾದ ಮೇಲೆ ಕೆರೆಯಿರಿ. ಕೆಳಗೆ ಟಾರ್ಪಾಲು ಹಾಸಿ, ಬಿದ್ದ ಸಿಪ್ಪೆಯನ್ನೆಲ್ಲ ಡಬ್ಬಿಯಲ್ಲಿ ತುಂಬಿ ಮುಚ್ಚಿಡಿ. ಬಾವಿಯ ಹತ್ತಿರ ಈ ಕೆಲಸ ಬೇಡ. ದನಗಳು ಸೀಸದ ಬಣ್ಣವನ್ನು ನೆಕ್ಕಿದರೆ ಸಾಯುವುದೂ ಉಂಟು, ಕೊಟ್ಟಿಗೆಯಿಂದ ದೂರವಿರಿ.

ಬಣ್ಣ ಹೋದ ಮೇಲೆ ಗ್ರೈಂಡರಿಗೆ ತಂತಿಯ ಕಪ್ ಬ್ರಷ್ ಹಾಕಿ ತುಕ್ಕು ಬಿಡಿಸಿ. ನಾಲ್ಕು ಇಂಚಿನ ಗ್ರೈಂಡರ್ ನಿಮಿಷಕ್ಕೆ 11,000 ಸುತ್ತಿನ ಹತ್ತಿರ ತಿರುಗುತ್ತದೆ. ಬ್ರಷ್ಷಿನ ಮೇಲೆ ಬರೆದ ವೇಗದ ಮಿತಿ ಅದಕ್ಕಿಂತ ಹೆಚ್ಚಿರಲೇಬೇಕು, ಇಲ್ಲದಿದ್ದರೆ ತಂತಿಗಳು ಸೂಜಿಯಂತೆ ಹಾರುತ್ತವೆ. ಕನ್ನಡಕದ ಮೇಲೆ ಮುಖ ಮುಚ್ಚುವ ಗುರಾಣಿ, ಮಾಸ್ಕ್, ಚರ್ಮದ ಕೈಗವಸು ಬೇಕು.

ಕರಾವಳಿಯಲ್ಲಿ ಇಷ್ಟಕ್ಕೇ ನಿಲ್ಲಿಸಿ ಬಣ್ಣ ಬಳಿಯುವುದರಿಂದಲೇ ಬಣ್ಣ ಹಪ್ಪಳವಾಗುವುದು. ಕಡಲ ಗಾಳಿಯ ಉಪ್ಪು ತುಕ್ಕಿನ ಸಣ್ಣ ಕುಳಿಗಳಲ್ಲಿ ಕೂತಿರುತ್ತದೆ, ತಂತಿ ಬ್ರಷ್ಷಿಗೆ ಅದು ಬರುವುದಿಲ್ಲ. ಸಿಹಿನೀರಿನಲ್ಲಿ ಉಜ್ಜಿ ಉಜ್ಜಿ ತೊಳೆಯಬೇಕು. ತೀರದ ಕೆಲವು ಬಾವಿಗಳು ಬೇಸಿಗೆಯಲ್ಲಿ ಸವುಳಾಗುತ್ತವೆ, ನಾಲಿಗೆಗೆ ಹಚ್ಚಿ ನೋಡಿ. ತೊಳೆದು, ಬಟ್ಟೆಯಿಂದ ಒರೆಸಿ, ಬಿಸಿಲಿಗೆ ಒಣಗಿಸಿ, ಚಪ್ಪರದಡಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಬೂದುಬಣ್ಣದ ಲೋಹದ ಮೇಲೆ ಸಾಸಿವೆ ಕಾಳಿನಷ್ಟು ಅರಿಶಿನ ಚುಕ್ಕೆಗಳು ಗುಂಪಾಗಿ ಎದ್ದಿದ್ದರೆ, ಅಲ್ಲಲ್ಲಿ ಮಾತ್ರ ಲೋಹ ಬೆವರಿದಂತೆ ಕಪ್ಪಾಗಿದ್ದರೆ, ಉಪ್ಪು ಇನ್ನೂ ಇದೆ. ಮತ್ತೆ ಉಜ್ಜಿ, ಮತ್ತೆ ತೊಳೆಯಿರಿ. ನನ್ನ ಎರಡನೆಯ ಚಕ್ರಕ್ಕೆ ಇದನ್ನು ನಾಲ್ಕು ಬಾರಿ ಮಾಡಬೇಕಾಯಿತು. ನಾಲ್ಕನೆಯ ಬೆಳಿಗ್ಗೆ ಚುಕ್ಕೆ ಇರಲಿಲ್ಲ.

ಹಂತ 7: ಬಣ್ಣ

ಅಂಗಡಿಯವರು ಜಿಂಕ್ ರಿಚ್ (ಸತುವಿನ ಪುಡಿ ತುಂಬಿದ) ಪ್ರೈಮರ್ ಒಳ್ಳೆಯದೆಂದು ಕೊಡುತ್ತಾರೆ. ಮರಳು ಸಿಡಿಸಿ ಬೆಳ್ಳಗೆ ಮಾಡಿದ ಲೋಹಕ್ಕೆ ಅದು ಒಳ್ಳೆಯದು, ತಂತಿ ಬ್ರಷ್ಷಿನಲ್ಲಿ ಉಜ್ಜಿದ ಮೇಲ್ಮೈಗೆ ಅದು ಸರಿಯಾಗಿ ಹಿಡಿಯದು. ನಮಗೆ ಬೇಕಾದ್ದು ಎರಡು ಡಬ್ಬಿಯದನ್ನು ಬೆರೆಸಿ ಬಳಿಯುವ ಎಪಾಕ್ಸಿ ಮಾಸ್ಟಿಕ್ ಎಂಬ ಬಣ್ಣ. ಒಂದು ಚಕ್ರದ ಮೇಲ್ಮೈ ಎರಡೂವರೆ ಚದರ ಮೀಟರಿನಷ್ಟು, ಸಾಧಾರಣವಾಗಿ ಒಂದು ಲೀಟರ್ ಎರಡು ಕೋಟ್‌ಗೆ ಸಾಕು.

ಮೊದಲು ಅಂಚುಗಳು, ಮೂಲೆಗಳು, ಅಚ್ಚಿನ ಕೀಲಿ ಕೂರುತ್ತಿದ್ದ ಕಚ್ಚು, ಇವಕ್ಕೆ ಸಣ್ಣ ಬ್ರಷ್ಷಿನಿಂದ ಬಳಿಯಿರಿ. ಬಣ್ಣ ಅಂಚಿನಿಂದ ಹಿಂದೆ ಸರಿದು ತೆಳುವಾಗುವುದರಿಂದ ತುಕ್ಕು ಶುರುವಾಗುವುದೇ ಅಲ್ಲಿ. ಆಮೇಲೆ ಇಡೀ ಚಕ್ರಕ್ಕೆ ಎರಡು ಕೋಟ್. ಒಂದು ಕಡೆ ಗಟ್ಟಿಯಾದ ಮೇಲೆ ಚೈನ್ ಬ್ಲಾಕಿನಿಂದ ಮಗುಚಿ, ಇನ್ನೊಂದು ಕಡೆ. ಎಪಾಕ್ಸಿ ಬಿಸಿಲಿಗೆ ಸುಣ್ಣದಂತೆ ಪುಡಿಯಾಗುವುದರಿಂದ ಕೊನೆಗೆ ಪಾಲಿಯುರೆಥೇನ್ ಬಣ್ಣ ಬೇಕು. ಕಡಲ ಹತ್ತಿರವಾದರೆ ಎಲ್ಲ ಸೇರಿ ಒಣಗಿದ ದಪ್ಪ 250 ಮೈಕ್ರಾನ್ ಬರುವಷ್ಟು ಬಳಿಯಿರಿ. ಪಾಲಿಯುರೆಥೇನ್ ಅನ್ನು ಸ್ಪ್ರೇ ಮಾಡಬೇಡಿ, ಅದರ ಹನಿಮಂಜು ಶ್ವಾಸಕೋಶಕ್ಕೆ ಕೆಟ್ಟದ್ದು. ತೆರೆದ ಜಾಗದಲ್ಲಿ ಬ್ರಷ್ಷೇ ಸಾಕು.

ಹೊತ್ತು ಮುಖ್ಯ. ಫೆಬ್ರವರಿಯ ಬೆಳಿಗ್ಗೆ ಶಿರಸಿಯಲ್ಲಿ ಇಬ್ಬನಿ ಹನಿಯುತ್ತದೆ, ಅಷ್ಟು ಭಾರದ ಕಬ್ಬಿಣ ಬಿಸಿಲೇರಿದ ಮೇಲೂ ತಂಪಾಗಿಯೇ ಇರುತ್ತದೆ. ಒದ್ದೆ ಬಟ್ಟೆಯಿಂದ ಒಂದು ಪಟ್ಟೆ ಎಳೆಯಿರಿ. ಹದಿನೈದು ನಿಮಿಷದಲ್ಲಿ ಆರದಿದ್ದರೆ ಬಣ್ಣ ಬಳಿಯುವ ಹೊತ್ತು ಇನ್ನೂ ಆಗಿಲ್ಲ. ಹತ್ತು ಗಂಟೆಯಿಂದ ಮೂರು ಗಂಟೆಯ ಒಳಗೆ ಮುಗಿಸಿ.

ಜಗಲಿಯೊಳಗಿನ ಮೇಜಾದರೆ ಬಣ್ಣವಿಲ್ಲದೆ ಅಗಸೆ ಎಣ್ಣೆ ಸವರಿದರೂ ನಡೆಯುತ್ತದೆ. ಆದರೆ ಆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಬೇಡಿ, ತಾನಾಗಿ ಬೆಂಕಿ ಹತ್ತುತ್ತದೆ. ಬಿಡಿಸಿ ಒಣಹಾಕಿ.

ಹಂತ 8: ಕೂರಿಸುವುದು

ಬಣ್ಣ ಪೂರ್ತಿ ಗಟ್ಟಿಯಾಗಲು ಒಂದು ವಾರ ಬಿಡಿ. ಕಂಬದ ತಲೆಯ ಮೇಲೆ 10 ಮಿ.ಮೀ. ದಪ್ಪದ ರಬ್ಬರ್ ಇಡಿ, ಹಳೆ ಕನ್ವೇಯರ್ ಬೆಲ್ಟಿನ ತುಂಡು ಬಹಳ ಚೆನ್ನಾಗಿ ಹೊಂದುತ್ತದೆ. ಹಬ್‌ನ ತೂತನ್ನು ಪೈಪಿಗೆ ಸರಿಹೊಂದಿಸುತ್ತ ನಿಧಾನವಾಗಿ ಇಳಿಸಿ. ಸಂದಿಯಲ್ಲಿ ಬೆರಳು ಹಾಕಬೇಡಿ, ಮರದ ಕೋಲಿನಿಂದ ತಳ್ಳಿ. ಸಂದಿಗೆ ಸಿಮೆಂಟ್ ಮೆತ್ತಬೇಡಿ, ನೀರು ಹೋಗುವ ದಾರಿ ಅದೇ.

ಕೂತ ಮೇಲೆ ರಿಮ್‌ನ ಅಂಚನ್ನು ಎರಡು ಕಂಬಗಳ ನಡುವೆ ಒತ್ತಿ ನೋಡಿ. ಇಷ್ಟು ತೂಕದ ಚಕ್ರದ ಅಂಚಿನಲ್ಲಿ ಇಬ್ಬರು ಕೂತರೂ ಅದು ಏಳುವುದಿಲ್ಲ. ಚಕ್ರ ಹಗುರವಾದಷ್ಟೂ ಮಗುಚುವ ಅಪಾಯ ಹೆಚ್ಚು. 200 ಕಿಲೋಗಿಂತ ಕಡಿಮೆಯದಾದರೆ ಕಂಬಗಳಲ್ಲಿ ಮೊದಲೇ ಬೋಲ್ಟು ಹೂತು, ಪಟ್ಟಿಯಿಂದ ತೋಳುಗಳನ್ನು ಹಿಡಿಸಿ.

ಹಂತ 9: ಮೇಲ್ಹಾಸು

ಗಾಜು ಬೇಕೆನ್ನುವವರು 12 ಮಿ.ಮೀ. ಟಫನ್ಡ್ ಗಾಜನ್ನೇ ತರಿಸಿ. 130 ಸೆಂ.ಮೀ. ವ್ಯಾಸದ್ದು 40 ಕಿಲೋ ತೂಗುತ್ತದೆ. ಅದನ್ನು ಆಮೇಲೆ ಕತ್ತರಿಸಲಾಗದು, ತೂತು ಹಾಕಲಾಗದು, ಆದ್ದರಿಂದ ಚಕ್ರ ಕೂತ ಮೇಲೆಯೇ ಅಳತೆ ಕೊಡಿ. ಮೇಲ್ಭಾಗದಲ್ಲೂ ಹಬ್ ಚಾಚಿಕೊಂಡಿರುತ್ತದೆ. ಅದಕ್ಕಿಂತ ಎತ್ತರದ ರಬ್ಬರ್ ಗುಂಡಿಗಳನ್ನು ರಿಮ್‌ನ ಮೇಲಿಡಬೇಕು, ಇಲ್ಲದಿದ್ದರೆ ಗಾಜು ಹಬ್‌ನ ತುದಿಯಲ್ಲಿ ತೊಟ್ಟಿಲಾಡುತ್ತದೆ.

ನನ್ನ ಆಯ್ಕೆ ಹಲಸಿನ ಹಲಗೆ. ನಡುವೆ 5 ಮಿ.ಮೀ. ಸಂದು ಬಿಟ್ಟು ಜೋಡಿಸಿದರೆ ಮಳೆಗೆ ಉಬ್ಬಲು ಜಾಗವಿರುತ್ತದೆ, ನೀರೂ ನಿಲ್ಲುವುದಿಲ್ಲ, ಕೊಡೆಯ ಕಂಬಕ್ಕೆ ತೂತು ಕೊರೆಯುವುದೂ ಸುಲಭ. ಮಳೆಗಾಲದಲ್ಲಿ ಹಲಗೆಯನ್ನು ಎತ್ತಿ ಒಳಗಿಡಲು ಬರುವಂತೆ ಎರಡು ತುಂಡಾಗಿ ಮಾಡಿಸಿ.

ಮಳೆ ಬಂದ ಮೇಲೆ ಗಮನಿಸಬೇಕಾದವು

ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ದಾಟುವ ಕರಾವಳಿಯ ಮಳೆಯಲ್ಲಿ ಮೊದಲ ಎರಡು ವಾರ ದಿನಕ್ಕೊಮ್ಮೆ ನೋಡಿ. ಹಬ್‌ನ ಸುತ್ತ ನೀರು ನಿಂತಿದ್ದರೆ ಸಂದಿಯಲ್ಲಿ ಎಲೆ ಸಿಕ್ಕಿದೆ, ಕಡ್ಡಿ ಹಾಕಿ ಬಿಡಿಸಿ. ಕಂಬದ ಮೇಲೆ ಕಂದು ನೀರಿನ ಗೆರೆ ಇಳಿದಿದ್ದರೆ ಅದರ ನೇರಕ್ಕೆ ಮೇಲೆ ಎಲ್ಲೋ ಬಣ್ಣ ಸೀಳಿದೆ. ಗುರುತು ಮಾಡಿಟ್ಟು ಮಳೆ ನಿಂತ ಮೇಲೆ ಅಷ್ಟು ಜಾಗವನ್ನು ಲೋಹ ಕಾಣುವವರೆಗೆ ಉಜ್ಜಿ, ತೊಳೆದು, ಮತ್ತೆ ಬಳಿಯಿರಿ. ಉಬ್ಬಿನ ಮೇಲೆಯೇ ಬಣ್ಣ ಹಚ್ಚಿದರೆ ಅದು ಒಳಗೊಳಗೇ ಹರಡುತ್ತದೆ. ಸಣ್ಣ ಸುತ್ತಿಗೆಯಿಂದ ತಟ್ಟಿದಾಗ ಒಂದು ತೋಳು ಉಳಿದವುಗಳಿಗಿಂತ ಬೇರೆ, ಒಡಕು ಸದ್ದು ಕೊಟ್ಟರೆ ಮೇಜಿನ ಬಳಿ ಯಾರನ್ನೂ ಬಿಡಬೇಡಿ, ಡೀಸೆಲ್ ಮತ್ತು ಸೀಮೆಸುಣ್ಣದ ಪರೀಕ್ಷೆಯನ್ನು ಮತ್ತೆ ಮಾಡಿ.

ಅಡಿಕೆ ತೋಟದ ಅಂಚಿಗೆ ಮೇಜು ಇಟ್ಟವರಿಗೆ ಇನ್ನೊಂದು ಮಾತು. ಕೊಳೆ ರೋಗಕ್ಕೆ ಬೋರ್ಡೋ (ಮೈಲುತುತ್ತು, ಸುಣ್ಣ ಬೆರೆಸಿದ ದ್ರಾವಣ) ಹೊಡೆಯುವಾಗ ದ್ರಾವಣದಲ್ಲಿ ಸುಣ್ಣ ಸಾಕಷ್ಟಿದೆಯೇ ಎಂದು ನೋಡಲು ಕಬ್ಬಿಣದ ಚೂರಿ ಅದ್ದುತ್ತೇವಲ್ಲ, ಸುಣ್ಣ ಕಡಿಮೆಯಿದ್ದರೆ ಚೂರಿಯ ಮೇಲೆ ತಾಮ್ರದ ಕೆಂಪು ಕೂರುತ್ತದೆ. ಅಂಥ ದ್ರಾವಣ ಬಣ್ಣ ಸೀಳಿದ ಕಡೆ ಬಿದ್ದರೆ ಚಕ್ರದ ಮೇಲೂ ಅದೇ ನಡೆಯುತ್ತದೆ, ತಾಮ್ರ ಕೂತ ಜಾಗದಲ್ಲಿ ಕಬ್ಬಿಣ ಬೇಗ ತಿಂದುಹೋಗುತ್ತದೆ. ಕೊನೆಗೌಡ ಮರ ಹತ್ತುವ ಮುಂಚೆ ಮೇಜಿನ ಮೇಲೆ ಟಾರ್ಪಾಲು ಮುಚ್ಚಿ, ಔಷಧಿ ಹೊಡೆದು ಮುಗಿದ ಮೇಲೆ ತೆಗೆದು, ಎರಡು ಕೊಡ ಸಿಹಿನೀರು ಸುರಿದು ತೊಳೆಯಿರಿ.